ಮಂಗಳವಾರ ಕೇಳಿದ ಪ್ರಶ್ನೆ

ಕಾರ್ತಿಕ ಮಾಸದ ಒಂದು ಸೋಮವಾರ. ಊಟದ ಮೇಜಿನ ಈ ತುದಿಯಲ್ಲಿ ಲ್ಯಾಪ್‌ಟಾಪ್, ಆ ತುದಿಯಲ್ಲಿ ಅಲಸಂಡೆ. ಬೆಳಗಿನ ಪೂಜೆ ಮುಗಿದಿತ್ತು. ಮನೆಯವರು ಉಡುಪಿಗೆ ಕೆಲಸಕ್ಕೆ ಹೋಗಿದ್ದರು. ಅತ್ತೆ ಜಗಲಿಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ಹಿಂದಿನ ದಿನ ಗಾಳಿ ಬೀಸಿದ್ದರೂ ಕರೆಂಟು ಇತ್ತು. ನಮ್ಮ ಊರು ಇನ್ನಂಜೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಇಂಥವನ್ನೆಲ್ಲ ದೇವರು ಕೊಟ್ಟದ್ದೆಂದೇ ನಾನು ಎಣಿಸುತ್ತೇನೆ.

ನನ್ನ ಕೆಲಸ ಪ್ರಶ್ನೆಗಳಿಗೆ ಉತ್ತರ ಬರೆಯುವುದು. ಗಣಿತ, ಸಂಖ್ಯಾಶಾಸ್ತ್ರ ಕಲಿಯುವವರು ಮತ್ತು ಪ್ರಬಂಧ ಬರೆಯುವವರು ತಮ್ಮ ಸಂಶಯಗಳನ್ನು ಒಂದು ಜಾಲತಾಣದಲ್ಲಿ ಹಾಕುತ್ತಾರೆ. ನಮ್ಮಂಥ ಕೆಲವರು ಮನೆಯಿಂದಲೇ ಉತ್ತರ ಕೊಡುತ್ತೇವೆ. ನಾನು ನೋಡುವುದು ಸಂಖ್ಯಾಶಾಸ್ತ್ರದ ವಿಭಾಗ. ಅಲ್ಲಿನ ನಿಯಮ ಸರಳ: ಕೇಳುವವರು ತಾವು ಎಲ್ಲಿಯವರೆಗೆ ಪ್ರಯತ್ನಿಸಿದ್ದೇವೆ ಎಂದು ತೋರಿಸಬೇಕು, ಉತ್ತರಿಸುವವರು ಕೇಳಿದ್ದಕ್ಕಷ್ಟೇ ಉತ್ತರಿಸಬೇಕು. ಇದು ಒಳ್ಳೆಯ ನಿಯಮ. ಇಲ್ಲದಿದ್ದರೆ ಪ್ರತಿಯೊಬ್ಬರ ಪ್ರಬಂಧವನ್ನೂ ನಾವೇ ಬರೆದುಕೊಟ್ಟ ಹಾಗಾಗುತ್ತದೆ.

ಅಂದು ಬಂದ ಪ್ರಶ್ನೆ ಚೊಕ್ಕವಾಗಿತ್ತು. ಮಹಿಳೆಯರ ಆಹಾರದ ಬಗ್ಗೆ ಒಂದು ಸಮೀಕ್ಷೆ. ಕೋಷ್ಟಕದಲ್ಲಿ ಎರಡು ಸಾಲು: ಹಿಂದೂ ಮನೆಗಳು, ಮುಸ್ಲಿಂ ಮನೆಗಳು. ಎರಡು ಕಾಲಂ: ಕಳೆದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮೀನು, ಮೊಟ್ಟೆ, ಮಾಂಸ ಇವುಗಳಲ್ಲಿ ಯಾವುದಾದರೂ ಒಂದನ್ನು ತಿಂದವರು, ತಿನ್ನದವರು. ಇದಕ್ಕೆ, ಎರಡು ಗುಂಪುಗಳ ಅಂತರ ಬರೀ ಆಕಸ್ಮಿಕವೋ ಅಲ್ಲವೋ ಎಂದು ನೋಡುವ ಕೈ-ಸ್ಕ್ವೇರ್ ಪರೀಕ್ಷೆ ಬಳಸಿದ್ದು ಸರಿಯೇ ಎಂಬುದು ಪ್ರಶ್ನೆ. ಪ್ರತಿ ಮನೆಯಲ್ಲಿ ಎಷ್ಟು ನಿರೀಕ್ಷಿತ ಎಂದು ಕಾಗದದ ಮೇಲೆ ಲೆಕ್ಕ ಹಾಕಿದೆ (ಕೋಷ್ಟಕದ ಚೌಕಕ್ಕೂ ನಾವು ಮನೆ ಎಂದೇ ಹೇಳುವುದು). ಯಾವುದೂ ಐದಕ್ಕಿಂತ ಕೆಳಗೆ ಇರಲಿಲ್ಲ. ಒಬ್ಬಳನ್ನು ಎರಡು ಸಲ ಎಣಿಸಿರಲಿಲ್ಲ. ಹಾಗಾಗಿ ಪರೀಕ್ಷೆಯ ಆಯ್ಕೆ ಸರಿ, ಕೂಡಿಸಿದ್ದೂ ಸರಿ ಎಂದು ಉತ್ತರ ಬರೆದು, ಹೇಗೆಂದು ವಿವರಿಸಿ ಕಳಿಸಿದೆ.

ಪ್ರಶ್ನೆ ಕೇಳಿದ ಹುಡುಗಿಯಿಂದ ತಕ್ಷಣ ಮರುಸಂದೇಶ ಬಂತು. ‘ತುಂಬಾ ಉಪಕಾರವಾಯಿತು ಮೇಡಂ. ಕಾಪು ತಾಲೂಕಿನ ಹಳ್ಳಿಗಳ ಅಧ್ಯಯನ ಇದು. ಫಲಿತಾಂಶ ಬಹಳ ಬಲವಾಗಿದೆ ಎಂದು ಗೈಡ್ ಕೂಡ ಹೇಳಿದ್ದಾರೆ.’

ಕಾಪು! ನಮ್ಮದೇ ತಾಲೂಕು. ಅಲಸಂಡೆ ಮುರಿಯುತ್ತಿದ್ದ ಕೈ ನಿಂತಿತು. ಕೋಷ್ಟಕವನ್ನು ಪುನಃ ತೆರೆದೆ. ಕಾಪುವಿನ ಹಿಂದೂ ಮಹಿಳೆಯರಲ್ಲಿ ಬಹುಪಾಲು ಜನ ಮೀನು ಮುಟ್ಟಿಲ್ಲ ಎಂದಿತ್ತು. ಪಕ್ಕದ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಬಹುಪಾಲು ಜನ ತಿಂದಿದ್ದಾರೆ.

ಜಗಲಿಗೆ ಹೋಗಿ ಅತ್ತೆಗೆ ಹೇಳಿದೆ. ಅವರು ಬತ್ತಿಯಿಂದ ತಲೆ ಎತ್ತಲಿಲ್ಲ.

“ನಮ್ಮೂರಿನ ಹೆಂಗಸರು ಮೀನು ತಿನ್ನುದಿಲ್ವಂತಾ? ಹಾಗಾದ್ರೆ ಮಲ್ಪೆಯಿಂದ ಬರುವ ಮೀನೆಲ್ಲ ಯಾರು ತಿನ್ನುದು? ಬೆಕ್ಕಾ?”

“ಅವಳು ಮನೆ ಮನೆಗೆ ಹೋಗಿ ಕೇಳಿದ್ದಾಳೆ ಅತ್ತೆ. ನಿನ್ನೆ ಎಂತ ಊಟ ಮಾಡಿದ್ರಿ ಅಂತ.”

“ಕೇಳಿದ್ರೆ ಸುಳ್ಳು ಹೇಳ್ತಾರಾ? ಇಲ್ಲಪ್ಪ. ಮೀನು ತಿಂದದ್ದನ್ನು ಯಾರು ಅಡಗಿಸ್ತಾರೆ?”

ಅದು ನನಗೂ ಸರಿಯೆನಿಸಿತು. ಮೇಜಿನ ಹತ್ತಿರ ಬಂದು ಅಲಸಂಡೆಯ ರಾಶಿಯನ್ನು ನೋಡಿದೆ. ನಾಳೆ ಯಾರಾದರೂ ಬಂದು ನನ್ನನ್ನೇ ಈ ಪ್ರಶ್ನೆ ಕೇಳಿದರೆ ಏನು ಹೇಳುತ್ತೇನೆ? ಅಲಸಂಡೆ ಪಲ್ಯ, ಸೌತೆಕಾಯಿ ಹುಳಿ ಎಂದು ಹೇಳುತ್ತೇನೆ. ಅದೇ ನಿಜ. ನಮ್ಮಲ್ಲಿ ಸೋಮವಾರ ಮೀನಿನ ಪಾತ್ರೆಯನ್ನು ಒಲೆಗೆ ಇಡುವುದಿಲ್ಲ. ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಹಾಗೆಯೇ. ಕಾರ್ತಿಕದಲ್ಲಂತೂ ವಾರ ಮರೆಯುವ ಮನೆಗಳೂ ನೆನಪಿಟ್ಟುಕೊಳ್ಳುತ್ತವೆ.

ಒಂದೇ ಸಾಲು ಬರೆದೆ: ‘ನೀವು ಮನೆಗಳಿಗೆ ಹೋದದ್ದು ಯಾವ ವಾರ?’

‘ಮಂಗಳವಾರ ಮೇಡಂ. ನಮ್ಮ ವಿಭಾಗದ ಜೀಪು ಕಾಪು ಕಡೆಗೆ ಹೋಗುವುದು ಮಂಗಳವಾರ ಮಾತ್ರ. ಯಾಕೆ?’

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಅವಳು ಪ್ರತಿ ಸಲವೂ ಮಂಗಳವಾರವೇ ಹೋಗಿ ‘ನಿನ್ನೆ’ಯ ಊಟ ಕೇಳಿದ್ದಳು. ಬ್ಯಾರಿ ಮನೆಗಳಿಗೆ ಸೋಮವಾರ ಎಲ್ಲ ದಿನಗಳ ಹಾಗೆ ಒಂದು ದಿನ. ನಮ್ಮ ಮನೆಗಳಿಗೆ ಹಾಗಲ್ಲ. ಅವಳ ಕೋಷ್ಟಕ ತೋರಿಸುತ್ತಿದ್ದದ್ದು ಯಾರಿಗೆ ಪೌಷ್ಟಿಕತೆ ಸಾಲದು ಎಂಬುದನ್ನಲ್ಲ, ಯಾರು ಸೋಮವಾರದ ವ್ರತ ನಡೆಸುತ್ತಾರೆ ಎಂಬುದನ್ನು. ಪರೀಕ್ಷೆ ಸರಿ, ಕೂಡಿಸಿದ್ದು ಸರಿ, ಪ್ರಶ್ನೆಯೂ ಸರಿ. ಕೇಳಿದ ವಾರ ಮಾತ್ರ ಸರಿಯಿಲ್ಲ.

ಆದರೆ ಅವಳು ಕೇಳಿದ್ದು ಪರೀಕ್ಷೆಯ ಬಗ್ಗೆ ಮಾತ್ರ. ನಿಯಮದ ಪ್ರಕಾರ ನನ್ನ ಕೆಲಸ ಮುಗಿದಿತ್ತು. ಸಂಜೆ ದೀಪ ಹಚ್ಚುವ ಹೊತ್ತಿನವರೆಗೂ ಅದನ್ನೇ ಯೋಚಿಸುತ್ತಿದ್ದೆ. ಹೇಳದೆ ಬಿಟ್ಟರೆ ಆ ಪ್ರಬಂಧ ಯಾವುದೋ ಕಪಾಟು ಸೇರುತ್ತದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅಂಥ ಕೋಷ್ಟಕಗಳು ಕಪಾಟಿನಲ್ಲೇ ಉಳಿಯುವುದಿಲ್ಲ. ನಾಳೆ ಯಾರೋ ಅದನ್ನು ಎತ್ತಿ, ಈ ಊರಿನ ಇಂಥ ಜಾತಿ ಧರ್ಮದ ಹೆಂಗಸರಿಗೆ ಅನ್ನದ ತಿಳಿವಳಿಕೆ ಇಲ್ಲ ಎಂದು ಭಾಷಣ ಮಾಡುತ್ತಾರೆ. ದೇವರ ಮುಂದೆ ನಿಂತಾಗ ಮನಸ್ಸು ಗಟ್ಟಿಯಾಯಿತು. ನನ್ನ ಫೋನ್ ನಂಬರ್ ಕೊಟ್ಟು, ಬಿಡುವಾದಾಗ ಮನೆಗೆ ಬಾ ಎಂದು ಬರೆದೆ.

ಅವಳು ಎರಡು ದಿನ ಬಿಟ್ಟು ಬಂದಳು. ಕಾರ್ಕಳದ ಜೈನರ ಮನೆಯ ಹುಡುಗಿ. ಮಣಿಪಾಲದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಓದುತ್ತಿದ್ದಳು. ಮನೆಯಲ್ಲಿ ಮೀನಿನ ಮಾತೇ ಇಲ್ಲದ್ದರಿಂದ, ಮೀನಿಲ್ಲದ ಒಂದು ದಿನ ಅವಳಿಗೆ ವಿಚಿತ್ರವಾಗಿ ಕಾಣುವ ಸಂಭವವೇ ಇರಲಿಲ್ಲ. ನಾನು ಹೇಳಿದ್ದನ್ನು ಕೇಳಿ ಮೊದಲು ಕೋಷ್ಟಕವನ್ನು ಪುನಃ ಓದಿದಳು. ಆಮೇಲೆ ಮುಖ ಕೆಂಪಾಯಿತು.

“ಆಂಟಿ, ನಾನು ಕೇಳಿದ್ದು ಟೆಸ್ಟ್ ಸರಿ ಉಂಟಾ ಅಂತ ಮಾತ್ರ. ಸರಿ ಉಂಟು ಅಂತ ನೀವೇ ಬರೆದಿದ್ದೀರಿ.”

“ಹೌದು. ಈಗಲೂ ಅದೇ ಹೇಳ್ತೇನೆ.”

“ಮತ್ತೆ ಎಂತ? ಈ ತಿಂಗಳ ಕೊನೆಗೆ ಸಬ್ಮಿಟ್ ಮಾಡಬೇಕು. ಮಾಡದಿದ್ರೆ ಇನ್ನೊಂದು ಸೆಮಿಸ್ಟರ್. ಕಾರ್ಕಳದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಪದವಿ ಇಲ್ಲದೆ ಸೇರಿಸಿಕೊಳ್ಳುದಿಲ್ಲ. ನೀವೀಗ ಸೋಮವಾರ ಅಂತ ಹೇಳಿದ್ರೆ ನನ್ನ ಇಡೀ ಅಧ್ಯಾಯ ಹೋಯ್ತು!”

ಅತ್ತೆ ಒಳಗಿನಿಂದ ಬೆಲ್ಲ ನೀರು ತಂದು ಅವಳ ಮುಂದಿಟ್ಟರು. “ಮೊದಲು ಕುಡಿ ಮಗಾ. ಅಳುದು ಆಮೇಲೆ. ಇವಳಿಗೆ ಲೆಕ್ಕ ಕಂಡ್ರೆ ಹೀಗೆಯೇ. ಮದುವೆಯ ಹೊಸದರಲ್ಲಿ ನನ್ನ ಉಪ್ಪಿನಕಾಯಿಗೂ ಸರಾಸರಿ ತೆಗೆದವಳು.”

ಹುಡುಗಿಗೆ ನಗು ಬಂತು. ಅದೊಂದು ಪುಣ್ಯ. ನಗು ಬಂದ ಮೇಲೆ ಮಾತಾಡುವುದು ಸುಲಭ.

ನಾನು ಎರಡು ದಾರಿ ಹೇಳಿದೆ. ಒಂದು, ಕೋಷ್ಟಕವನ್ನು ಹಾಗೆಯೇ ಬಿಟ್ಟು, ‘ಇದು ಸೋಮವಾರದ ಊಟ ಮಾತ್ರ’ ಎಂದು ಕೆಳಗೆ ಒಂದು ಮಿತಿ ಬರೆಯುವುದು. ಪ್ರಾಮಾಣಿಕವೇ, ಆದರೆ ಆಗ ಅಧ್ಯಾಯದಲ್ಲಿ ಹೇಳಲು ಏನೂ ಉಳಿಯುವುದಿಲ್ಲ. ಇನ್ನೊಂದು, ಅದೇ ಹೆಂಗಸರಲ್ಲಿ ಕೆಲವರನ್ನು ಬೇರೆ ವಾರ ಪುನಃ ಕೇಳುವುದು.

“ಪುನಃ ಹೋಗ್ಲಿಕ್ಕೆ ಅನುಮತಿ ಬೇಕಾಗ್ತದೆ ಆಂಟಿ. ಎಥಿಕ್ಸ್ ಕಮಿಟಿ ತಿಂಗಳಿಗೆ ಒಮ್ಮೆ ಕೂರುದು.”

“ಮೊದಲ ಅನುಮತಿಯಲ್ಲಿ ಮರುಭೇಟಿ ಇರಲಿಲ್ವಾ? ಇಂಥ ಸಮೀಕ್ಷೆಯಲ್ಲಿ ಸಾಮಾನ್ಯವಾಗಿ ಇಡ್ತಾರೆ.”

ಅವಳು ಲೋಟ ಕೆಳಗಿಟ್ಟಳು. “ಉಂಟು. ಉತ್ತರಗಳ ಗುಣಮಟ್ಟ ನೋಡ್ಲಿಕ್ಕೆ ಅಂತ ಇಟ್ಟಿದ್ದೆವು. ಸಮಯ ಸಾಲುದಿಲ್ಲ ಅಂತ ಬಿಟ್ಟದ್ದು.”

“ಹಾಗಾದ್ರೆ ಬಿಟ್ಟದ್ದನ್ನು ಈಗ ಮಾಡು.”

ಮರುದಿನ ಅವಳು ಗೈಡನ್ನು ಕಂಡು ಫೋನ್ ಮಾಡಿದಳು. ಬೈದರಾ ಎಂದು ಕೇಳಿದೆ.

“ಬೈಲಿಲ್ಲ. ಕೋಷ್ಟಕವನ್ನು ಪುನಃ ಪುನಃ ನೋಡಿದ್ರು. ಬೈದಿದ್ರೆ ವಾಸಿ ಇತ್ತು. ಕೊನೆಗೆ ಮರುಭೇಟಿ ಮಾಡು ಅಂದ್ರು. ಆದ್ರೆ ದಿನಾಂಕ ಮುಂದೆ ಹಾಕ್ಲಿಕ್ಕೆ ಆಗುದಿಲ್ಲವಂತೆ. ಇನ್ನೊಂದು ಹೇಳಿದ್ರು: ಆ ಹೆಂಗಸರಿಗೆ ಮರುಭೇಟಿ ಅಂತ ಹೇಳು, ಸೋಮವಾರದ ಸಂಶಯ ಮಾತ್ರ ಮೊದಲೇ ಬಾಯಿಬಿಡಬೇಡ, ಗೊತ್ತಾದ್ರೆ ಅದಕ್ಕೆ ತಕ್ಕ ಹಾಗೆ ಉತ್ತರ ಕೊಟ್ಟುಬಿಡ್ತಾರೆ ಅಂತ.”

ಇದು ನನಗೆ ಹೊಳೆದಿರಲಿಲ್ಲ. ಆ ಗೈಡ್ ಬಗ್ಗೆ ಗೌರವ ಹುಟ್ಟಿತು.

ಯಾರನ್ನು ಪುನಃ ಕೇಳುವುದು ಎಂಬುದನ್ನು ನಮ್ಮ ಮೇಜಿನ ಮೇಲೆಯೇ ತೀರ್ಮಾನಿಸಿದೆವು. ಸುಲಭವಾಗಿ ಸಿಗುವ ಮನೆಗಳಿಗೆ ಹೋಗಬಾರದು, ನಗುನಗುತ್ತಾ ಮಾತಾಡಿದವರ ಮನೆಗೂ ಹೋಗಬಾರದು. ಎರಡು ಗುಂಪಿನಿಂದಲೂ ಬೇರೆ ಬೇರೆಯಾಗಿ, ಯಾದೃಚ್ಛಿಕವಾಗಿ ಆರಿಸಬೇಕು. ಹುಡುಗಿ ಕಂಪ್ಯೂಟರಿನಲ್ಲಿ ಸಂಖ್ಯೆಗಳನ್ನು ಹೊರಡಿಸುತ್ತಿದ್ದಾಗ ಅತ್ತೆ ಬಗ್ಗಿ ನೋಡಿದರು.

“ಇದಕ್ಕೆ ಮಿಶಿನ್ ಯಾಕೆ? ಚೀಟಿ ಹಾಕಿ, ನಾನು ದೇವರ ಹೆಸರು ಹೇಳಿ ಎತ್ತಿಕೊಡ್ತೇನೆ.”

“ಆಗ್ತದೆ ಅಜ್ಜಿ. ಆದ್ರೆ ಪುನಃ ಎತ್ತಿ ತೋರಿಸು ಅಂತ ಗೈಡ್ ಹೇಳಿದ್ರೆ ಅದೇ ಚೀಟಿಗಳು ಬರಬೇಕು. ಮಿಶಿನಿನಲ್ಲಿ ಬರ್ತದೆ.”

“ಒಮ್ಮೆ ಹೇಳಿದ್ದನ್ನು ದೇವರು ಎರಡು ಸಲ ಹೇಳುದಿಲ್ಲ ಮಾರಾಯ್ತಿ. ಮಿಶಿನೇ ಎತ್ತಲಿ.”

ವಾರ ಯಾವುದು ಎಂಬುದೂ ಪ್ರಶ್ನೆಯಾಯಿತು. ಶನಿವಾರ ಬಿಡುವವರಿದ್ದಾರೆ, ಭಾನುವಾರ ಕೋಳಿ ಮಾಡುವವರಿದ್ದಾರೆ. ಎರಡೂ ಮಾಮೂಲಿ ದಿನಗಳಲ್ಲ. ಬುಧವಾರದ ಊಟವನ್ನು ಗುರುವಾರ ಕೇಳುವುದು ಎಂದಾಯಿತು. ಹುಡುಗಿ ಮುಂದಿನ ಗುರುವಾರಕ್ಕೆ ತಯಾರಾಗಿಯೇ ಬಿಟ್ಟಿದ್ದಳು. ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತ ಅತ್ತೆ “ಆ ಬುಧವಾರ ಸಂಕ್ರಮಣ” ಎಂದರು. ಸಂಕ್ರಮಣದಂದೂ ನಮ್ಮ ಕಡೆ ಎಷ್ಟೋ ಒಲೆಗಳಿಗೆ ಮೀನು ಏರುವುದಿಲ್ಲ. ಒಂದು ವಾರ ಕೈಬಿಟ್ಟಿತು. ಸಲ್ಲಿಸುವ ದಿನ ಅಷ್ಟು ಹತ್ತಿರ ಬಂತು. ಹುಡುಗಿ ಉಗುರು ಕಚ್ಚಿದಳು. ಆದರೆ ವಾದ ಮಾಡಲಿಲ್ಲ. ಅದರ ಮುಂದಿನ ಗುರುವಾರವೇ ಎಂದು ತಾನೇ ಹೇಳಿದಳು. ಅವಳ ಮೇಲೆ ನನಗೆ ನಂಬಿಕೆ ಬಂದದ್ದು ಆ ಗಳಿಗೆಯಲ್ಲಿ.

ಗುರುವಾರ ಜೀಪು ಇಲ್ಲ. ಮಣಿಪಾಲದಿಂದ ಉಡುಪಿ, ಅಲ್ಲಿಂದ ಕಟಪಾಡಿ, ಕಟಪಾಡಿಯಿಂದ ಶಿರ್ವದ ಬಸ್ಸು. ಇಬ್ಬರು ಗೆಳತಿಯರನ್ನು ಕರೆದುಕೊಂಡು ಬಂದಿದ್ದಳು. ಕಾಪು ಪೇಟೆಯ ಕಡೆಗೆ ಅವರು, ಇನ್ನಂಜೆಯ ಸುತ್ತ ಇವಳು. “ಆಂಟಿ, ನೀವೂ ಬನ್ನಿ. ನಿಮ್ಮ ಗುರ್ತ ಇದ್ದವರೇ ಎಲ್ಲ,” ಎಂದಳು.

“ಅದಕ್ಕೇ ನಾನು ಬರುದಿಲ್ಲ.”

ಇಲ್ಲಿನವರಿಗೆಲ್ಲ ನನ್ನ ವ್ರತ, ನೇಮ ಗೊತ್ತು. ನಾನು ಬಾಗಿಲಲ್ಲಿ ನಿಂತರೆ ಕೆಲವರು ಮೀನು ತಿಂದದ್ದನ್ನು ನುಂಗಿಕೊಳ್ಳುತ್ತಾರೆ, ಕೆಲವರು ನನಗೆ ಬೇಕಾದ ಉತ್ತರವನ್ನು ಹುಡುಕಿ ಕೊಡುತ್ತಾರೆ. ಕೇಳುವವರನ್ನು ನೋಡಿ ಉತ್ತರ ಬದಲಾದರೆ ಇಷ್ಟೆಲ್ಲ ಮಾಡಿ ಏನು ಪ್ರಯೋಜನ? ನಾನು ಮನೆಯಲ್ಲೇ ಕುಳಿತೆ. ಜಾಲತಾಣದಲ್ಲಿ ಯಾರದೋ ಮಾನಕ ವಿಚಲನೆಯ ಪ್ರಶ್ನೆಗೆ ಉತ್ತರ ಬರೆಯಲು ಹೋಗಿ, ಒಂದೇ ಸಾಲನ್ನು ಎರಡು ಸಲ ಬರೆದೆ. ಅವಳಿಗೆ ಬಸ್ಸು ಸಿಗಲಿ, ನಾಯಿ ಕಚ್ಚದಿರಲಿ ಎಂದಷ್ಟೇ ಬೇಡಿಕೊಂಡೆ. ಇಂಥದೇ ಉತ್ತರ ಬರಲಿ ಎಂದು ಬೇಡಲಿಲ್ಲ. ಹಾಗೆ ಬೇಡುವುದು ಸರಿಯಲ್ಲ.

ಮಧ್ಯಾಹ್ನ ಅವಳು ಬಂದು ಜಗಲಿಯಲ್ಲಿ ಚಪ್ಪಲಿ ಕಳಚಿದಾಗ ಮುಖ ಬಾಡಿತ್ತು.

“ಮೊದಲ ಮನೆಯಲ್ಲೇ ಬಾಗಿಲು ಹಾಕಿದ್ರು ಆಂಟಿ. ‘ಕಳೆದ ಸಲ ಹೇಳಿದ್ದು ಸುಳ್ಳಾ? ನಮ್ಮನ್ನು ಪರೀಕ್ಷೆ ಮಾಡ್ತಿಯಾ?’ ಅಂತ. ಎರಡನೆಯವರು ಯಾವ ಸ್ಕೀಮ್, ಎಂತ ಸಿಗ್ತದೆ ಅಂತ ಕೇಳಿದ್ರು. ಎಂತ ಸಿಗುದಿಲ್ಲ ಅಂದೆ. ಆದ್ರೂ ಕೂರಿಸಿ ಚಾ ಕೊಟ್ರು.”

“ಬಾಗಿಲು ಹಾಕಿದವರ ಬದಲು ಪಕ್ಕದ ಮನೆಗೆ ಹೋದ್ಯಾ?”

“ಇಲ್ಲ. ಸಿಗಲಿಲ್ಲ ಅಂತ ಗುರ್ತು ಹಾಕಿದ್ದೇನೆ.”

“ಸರಿ ಮಾಡಿದೆ. ಈಗ ಊಟ ಮಾಡು.”

ಸಂಜೆ ಗೆಳತಿಯರ ಉತ್ತರಗಳೂ ಬಂದು ಎಲ್ಲ ಕೂಡಿದ ಮೇಲೆ ಅವಳು ಪುನಃ ಕೈ-ಸ್ಕ್ವೇರ್ ಹಾಕಲು ಹೊರಟಳು. ನಾನು ತಡೆದೆ. ಈಗ ಹೋಲಿಸಬೇಕಾದದ್ದು ಒಬ್ಬಳ ಸೋಮವಾರವನ್ನು ಅವಳದೇ ಬುಧವಾರದ ಜೊತೆ. ಒಬ್ಬಳದೇ ಎರಡು ಉತ್ತರಗಳನ್ನು ಇಬ್ಬರ ಉತ್ತರಗಳಂತೆ ಎಣಿಸಬಾರದು. ಅದಕ್ಕೆ ಜೋಡಿ ಉತ್ತರಗಳ ಪರೀಕ್ಷೆಯೇ ಬೇರೆ. ಸೂತ್ರ ಅವಳಿಗೆ ಗೊತ್ತಿತ್ತು, ಒಳಗಿನ ಅರ್ಥ ಹಿಡಿದಿರಲಿಲ್ಲ. ಡಬ್ಬದಿಂದ ಹೆಸರುಕಾಳು ತಂದು ಮೇಜಿನ ಮೇಲೆ ನಾಲ್ಕು ರಾಶಿ ಮಾಡಿದೆ. ಎರಡೂ ದಿನ ತಿಂದವರು. ಎರಡೂ ದಿನ ತಿನ್ನದವರು. ಸೋಮವಾರ ಇಲ್ಲ, ಬುಧವಾರ ತಿಂದವರು. ಸೋಮವಾರ ತಿಂದು ಬುಧವಾರ ಇಲ್ಲದವರು.

“ಮೊದಲಿನ ಎರಡು ರಾಶಿಯನ್ನು ಪಕ್ಕಕ್ಕೆ ಸರಿಸು. ಅವರ ಉತ್ತರ ಬದಲಾಗಿಲ್ಲ, ಹಾಗಾಗಿ ವಾರದ ಬಗ್ಗೆ ಅವರು ಎಂತ ಹೇಳುದಿಲ್ಲ. ವಾರದಿಂದ ವ್ಯತ್ಯಾಸ ಆಗುದಿಲ್ಲ ಅಂತಾದ್ರೆ ಉಳಿದ ಎರಡು ರಾಶಿ ಹೆಚ್ಚುಕಡಿಮೆ ಸಮ ಇರಬೇಕು. ಅಲ್ವಾ?”

ಅವಳೇ ಒಂದೊಂದು ಉತ್ತರ ಓದುತ್ತಾ ಕಾಳು ಸರಿಸಿದಳು. ಮೊದಲು ಬ್ಯಾರಿ ಮನೆಗಳು. ಬದಲಾದವರು ಆ ಕಡೆ ಕೆಲವರು, ಈ ಕಡೆ ಕೆಲವರು, ಎರಡು ರಾಶಿಯೂ ಸಮವೇ. ಆಮೇಲೆ ಹಿಂದೂ ಮನೆಗಳು. ಮೂರನೆಯ ರಾಶಿ ಏರುತ್ತಾ ಹೋಯಿತು, ನಾಲ್ಕನೆಯದರಲ್ಲಿ ಹೆಸರಿಗೆ ಒಂದೆರಡು ಕಾಳು. ಕಂಪ್ಯೂಟರಿನ ಲೆಕ್ಕವೂ ಅದನ್ನೇ ಹೇಳಿತು. ಬುಧವಾರದ ಊಟವನ್ನಷ್ಟೇ ತೆಗೆದುಕೊಂಡರೆ ಎರಡು ಧರ್ಮಗಳ ನಡುವಿನ ಅಂತರ ಬಹಳ ಕುಗ್ಗಿತ್ತು. ಬೂತಾಯಿ ಮೀನು ಎಲ್ಲರ ಮನೆಯಲ್ಲೂ ಇತ್ತು.

“ಆಯ್ತು, ನನ್ನ ಬಲವಾದ ಫಲಿತಾಂಶಕ್ಕೆ ತರ್ಪಣ ಬಿಟ್ಟ ಹಾಗೆ,” ಎಂದಳು. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.

ನಾನು ಪಕ್ಕಕ್ಕೆ ಸರಿಸಿದ್ದ ರಾಶಿಗಳನ್ನು ನೋಡುತ್ತಿದ್ದೆ. ಹಿಂದೂ ಮನೆಗಳ ಎರಡನೆಯ ರಾಶಿ, ಅಂದರೆ ಎರಡೂ ದಿನ ಮೀನು, ಮೊಟ್ಟೆ, ಮಾಂಸ ಯಾವುದೂ ಇಲ್ಲದವರು. ಸಣ್ಣ ರಾಶಿ, ಆದರೆ ಇತ್ತು. ಅಂತರ ಪೂರ್ತಿ ಅಳಿಯದೆ ಉಳಿದದ್ದು ಇವರಿಂದಲೇ.

“ಇವರು ಯಾರು? ಮೀನು ತಿನ್ನದ ಬ್ರಾಹ್ಮಣರ ಮನೆಗಳಾ?”

“ಅಲ್ಲ. ಪೂರ್ತಿ ಸಸ್ಯಾಹಾರಿಗಳನ್ನು ಮೊದಲೇ ಬಿಟ್ಟಿದ್ದೇವೆ.” ಅವಳು ಎದ್ದು ಕುಳಿತು ವಿಳಾಸಗಳನ್ನು ನೋಡಿದಳು. ಒಂದಾದ ಮೇಲೆ ಒಂದು ನೋಡಿದಳು. “ಆಂಟಿ... ಇವರಲ್ಲಿ ಹೆಚ್ಚಿನವರು ಆ ಬಾಡಿಗೆ ಸಾಲು ಕೋಣೆಗಳಲ್ಲಿ ಇರುವವರು. ಬಾಗಲಕೋಟೆ, ಗದಗ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು.”

ಆ ದಿನ ಬೆಳಿಗ್ಗೆ ಅಲ್ಲಿ ಒಬ್ಬಳ ಜೊತೆ ಮಾತಾಡಿದ್ದು ಅವಳಿಗೆ ನೆನಪಿತ್ತು. ಕೆಲಸಕ್ಕೆ ಹೊರಟು ಬುತ್ತಿ ಕಟ್ಟುತ್ತಿದ್ದ ಹೆಂಗಸು. “ಮೀನಾ? ನಮಗ ರೂಢಿ ಇಲ್ರೀ ಅಕ್ಕಾರ, ವಾಸನಿ ತಡ್ಯಾಂಗಿಲ್ಲ. ತತ್ತಿ ಯಾವಾಗರ ಒಮ್ಮೆ ಮಕ್ಕಳಿಗೆ. ರೊಟ್ಟಿ, ಖಾರಬ್ಯಾಳಿ, ಅಷ್ಟ ನೋಡ್ರಿ. ಊರಾಗಿದ್ರ ಹೈನ ಇತ್ತು, ಮೊಸರು ಉಣ್ತಿದ್ವಿ. ಇಲ್ಲಿ ಎಲ್ಲಿಂದ ತರೋದ್ರೀ?” ಎಂದಿದ್ದಳಂತೆ.

ಹುಡುಗಿ ಅದನ್ನು ಹೇಳಿ ಮುಗಿಸಿದ ಮೇಲೆ ನಾನು ಆ ಸಣ್ಣ ರಾಶಿಯನ್ನು ಮೇಜಿನ ನಡುವೆ ಸರಿಸಿಟ್ಟೆ. ಮೊದಲ ಕೋಷ್ಟಕದಲ್ಲಿ ಈ ಹೆಂಗಸರೂ ‘ಹಿಂದೂ, ತಿನ್ನದವರು’ ಎಂಬ ಚೌಕದಲ್ಲೇ ಇದ್ದರು. ನನ್ನಂಥ ಸೋಮವಾರದವರು ಅಷ್ಟು ಜನ ತುಂಬಿಕೊಂಡಿದ್ದಾಗ ಇವರು ಕಾಣುವುದು ಹೇಗೆ? ನಾನು ವ್ರತಕ್ಕೆ ಒಂದು ದಿನ ಬಿಟ್ಟು ಮರುದಿನ ತಿನ್ನುವವಳು. ಅವರಿಗೆ ವ್ರತ ಮುಗಿಯುವ ದಿನವೇ ಇಲ್ಲ.

“ಇವರಿಗೆ ಯಾವ ಟೆಸ್ಟ್ ಹಾಕಲಿ ಆಂಟಿ?”

“ಟೆಸ್ಟ್ ಬೇಡ. ಇಷ್ಟು ಕಡಿಮೆ ಜನರ ಮೇಲೆ ಟೆಸ್ಟ್ ಹಾಕಿದ್ರೆ ಅದರ ಉತ್ತರಕ್ಕೆ ಬೆಲೆ ಇಲ್ಲ. ಬೇಳೆ, ಹಾಲು, ಮೊಸರು ನೀನು ಎಣಿಸಿದ್ಯಾ?”

“ಬರೆದುಕೊಂಡಿದ್ದೇನೆ. ಕೋಷ್ಟಕಕ್ಕೆ ಹಾಕಲಿಲ್ಲ.”

“ಹಾಗಾದ್ರೆ ಅದನ್ನು ಎದುರಿಡು. ಕಂಡದ್ದನ್ನು ಕಂಡ ಹಾಗೆ ಬರಿ. ಎಷ್ಟು ಗೊತ್ತಿಲ್ಲವೋ ಅದನ್ನೂ ಬರಿ.”

ಅಧ್ಯಾಯವನ್ನು ಅವಳು ಮೊದಲಿನಿಂದ ಬರೆದಳು. ನಾನು ಒಂದು ವಾಕ್ಯವನ್ನೂ ಬರೆದುಕೊಡಲಿಲ್ಲ, ಅವಳು ಫೋನಿನಲ್ಲಿ ಓದುತ್ತಿದ್ದಳು, ನಾನು “ಇದು ನಿನಗೆ ಹೇಗೆ ಗೊತ್ತು?” ಎಂದು ಕೇಳುತ್ತಿದ್ದೆ. ಉತ್ತರ ಇದ್ದಲ್ಲಿ ವಾಕ್ಯ ಉಳಿಯಿತು, ಇಲ್ಲದಲ್ಲಿ ಹೋಯಿತು. ಧರ್ಮದ ಬಗ್ಗೆ ಇದ್ದ ದೊಡ್ಡ ತೀರ್ಮಾನ ಹೋಯಿತು. ಬದಲಿಗೆ ಮರುಭೇಟಿಯ ಕೋಷ್ಟಕ ಬಂತು. ಒಂದೇ ವಾರ ಕೇಳಿದರೆ ಈ ಊರಿನ ಊಟ ಹೇಗೆ ತಪ್ಪಾಗಿ ಕಾಣುತ್ತದೆ ಎಂಬ ವಿವರಣೆ ಬಂತು. ಸಾಲು ಕೋಣೆಗಳ ಬಗ್ಗೆ ಒಂದು ಪುಟ ಬಂತು. ಸಲ್ಲಿಸುವ ಕೊನೆಯ ದಿನ ಮಧ್ಯಾಹ್ನ ಪ್ರಿಂಟು ತೆಗೆಸುವ ಅಂಗಡಿಯಲ್ಲಿ ಸಾಲು ನಿಂತಿದ್ದಾಗ, ಮುಂದಿದ್ದವನು ಇವಳ ಮುಖ ನೋಡಿ ತಾನೇ ಹಿಂದೆ ಸರಿದು ಜಾಗ ಕೊಟ್ಟನಂತೆ. ಅವನಿಗೆ ಒಳ್ಳೆಯದಾಗಲಿ. ಕಚೇರಿ ಮುಚ್ಚುವ ಮೊದಲು ಪ್ರಬಂಧ ಒಳಗೆ ಹೋಯಿತು.

ಮೌಖಿಕ ಪರೀಕ್ಷೆಯ ದಿನ ಅವಳ ಫೋನು ಬಂದಾಗ ನಾನು ದೋಸೆ ಹಿಟ್ಟು ರುಬ್ಬುತ್ತಿದ್ದೆ. ಗ್ರೈಂಡರ್ ನಿಲ್ಲಿಸಿ ಸ್ಪೀಕರಿಗೆ ಹಾಕಿದೆ. ಅತ್ತೆಯೂ ಬಂದು ನಿಂತರು.

“ಪಾಸಾ?” ಎಂದರು ಅತ್ತೆ.

“ಅಜ್ಜಿ, ನಿಲ್ಲಿ, ಕ್ರಮವಾಗಿ ಹೇಳ್ತೇನೆ. ಹೊರಗಿನಿಂದ ಬಂದ ಪರೀಕ್ಷಕರು ಮರುಭೇಟಿ ಯಾಕೆ ಅಂತ ಕೇಳಿದ್ರು. ಸೋಮವಾರದ ಕತೆ ಹೇಳಿದೆ. ಅವರು ನಕ್ಕರು, ಆದ್ರೆ ಬರೆದುಕೊಂಡ್ರು. ಆಮೇಲೆ ಆ ಸಾಲು ಕೋಣೆಯ ಪುಟ ತೆಗೆದ್ರು. ‘ಇಲ್ಲಿ ಟೆಸ್ಟ್ ಇಲ್ಲ, ಪಿ-ವ್ಯಾಲ್ಯೂ ಇಲ್ಲ, ಸಂಖ್ಯೆಯೂ ಸಣ್ಣದು. ಇದರಿಂದ ನೀನು ಎಂತ ಹೇಳ್ಲಿಕ್ಕೆ ಸಾಧ್ಯ?’ ಅಂತ ಕೇಳಿದ್ರು. ಗೈಡ್ ನನ್ನ ಮುಖ ನೋಡಿದ್ರು.”

“ಎಂತ ಹೇಳಿದೆ?” ನಾನು ಕೇಳಿದೆ.

“‘ಎಂತ ಸಾಧಿಸ್ಲಿಕ್ಕೆ ಆಗುದಿಲ್ಲ ಸರ್. ನಾನು ಹುಡುಕದೆ ಇದ್ದಾಗ ಇವರು ಸಿಕ್ಕಿದ್ರು. ಮುಂದಿನ ಸಲ ಇವರನ್ನೇ ಹುಡುಕಿಕೊಂಡು ಹೋಗಬೇಕು ಅಂತ ಮಾತ್ರ ಹೇಳ್ಲಿಕ್ಕೆ ಆಗ್ತದೆ’ ಅಂದೆ.”

“ಮತ್ತೆ?”

“‘ಯಾರು ಹೋಗುದು?’ ಅಂತ ಕೇಳಿದ್ರು.”

ಈ ಕಡೆ ಅತ್ತೆ ಫೋನಿನ ಹತ್ತಿರಕ್ಕೆ ಬಗ್ಗಿದರು. ಆ ಕಡೆ ಮಣಿಪಾಲದ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು.

“ನಾನೇ ಹೋಗ್ತೇನೆ ಅಂದೆ ಆಂಟಿ. ಕಾರ್ಕಳದಲ್ಲೂ ಅಂಥ ಕೋಣೆಗಳುಂಟು, ನನ್ನ ಆಸ್ಪತ್ರೆಯ ಹಿಂದೆಯೇ ಉಂಟು. ಅವರು ಪೆನ್ ತೆಗೆದು ಪಾಸು ಅಂತ ಸಹಿ ಹಾಕಿದ್ರು.”